ಜನ್ಮಸ್ಥಳದ ಕಾಲಂ

ಲೆಕ್ಕದಲ್ಲಿ ನನ್ನ ತಮ್ಮನಿಗಿಂತ ನಾನು ಜೋರು. ಅದು ಅವನಿಗೂ ಗೊತ್ತು, ಕೇಳಿದರೆ ಮುಖ ಆಚೆ ತಿರುಗಿಸುತ್ತಾನೆ. ಆದರೂ ಎಂಜಿನಿಯರ್ ಆದದ್ದು ಅವನು, ನಾನಲ್ಲ. ನಮ್ಮ ಚಾಳಿನ ಹೆಂಗಸರು ಇದಕ್ಕೆ ಹಣೆಬರಹ ಅನ್ನುತ್ತಾರೆ. ನನ್ನ ಎದುರು ಮಾತ್ರ ಅನ್ನುವುದಿಲ್ಲ, ನಾನು ಸುಮ್ಮನೆ ಬಿಡುವವಳಲ್ಲ ಅಂತ ಅವರಿಗೆ ಗೊತ್ತು. ಶಾಲೆ ಬಿಡುವಾಗ ಕೊಡುವ ಸರ್ಟಿಫಿಕೇಟಿನಲ್ಲಿ ಜನ್ಮಸ್ಥಳ ಅಂತ ಒಂದು ಕಾಲಂ ಇರುತ್ತದೆ. ತಮ್ಮನದ್ದರಲ್ಲಿ ಅಲ್ಲಿ ಡೊಂಬಿವಲಿ ಅಂತ ಉಂಟು. ನನ್ನದ್ದರಲ್ಲಿ ಉಡುಪಿ ಹತ್ತಿರದ ಒಂದು ಹಳ್ಳಿಯ ಹೆಸರು.

ನಮ್ಮಲ್ಲಿ ಮೊದಲ ಹೆರಿಗೆ ತವರಿನಲ್ಲೇ ಆಗಬೇಕು. ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ, ಹೇಳುವುದೂ ಇಲ್ಲ. ಸೀಮಂತ ಮುಗಿದದ್ದೇ ಅಪ್ಪ ಅಮ್ಮನನ್ನು ಊರಿನ ಬಸ್ಸು ಹತ್ತಿಸಿದರು. ನಾನು ಅಜ್ಜಿಮನೆಯಲ್ಲಿ ಹುಟ್ಟಿ, ಮೂರು ತಿಂಗಳ ಕೂಸಾಗಿ ಡೊಂಬಿವಲಿಗೆ ಬಂದೆ. ಆಮೇಲೆ ಊರು ಅಂದರೆ ನನಗೆ ಮೇ ತಿಂಗಳ ರಜೆ, ಅಷ್ಟೇ. ತಮ್ಮ ಹೊಟ್ಟೆಯಲ್ಲಿದ್ದಾಗ ಅಜ್ಜಿ ತೀರಿಹೋದರು. ಬಾಣಂತನ ಮಾಡುವವರು ಊರಿನಲ್ಲಿ ಯಾರೂ ಇರಲಿಲ್ಲ. ಅಮ್ಮ ಇಲ್ಲಿಯೇ ಸ್ಟೇಷನ್ನಿನ ಪೂರ್ವಕ್ಕೆ ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ ಹೆತ್ತಳು. ಪಕ್ಕದ ಮನೆಯ ಮರಾಠಿ ಹೆಂಗಸು, ನಾವು ಕಾಕು ಅನ್ನುವವರು, ಜೊತೆಗಿದ್ದರು. ತವರಿಗೆ ಹೋಗಲಿಕ್ಕಾಗಲಿಲ್ಲ ಅಂತ ಅಮ್ಮ ಆಗ ಅತ್ತಿದ್ದಳಂತೆ. ಅವಳು ಯಾವುದಕ್ಕೆ ಅತ್ತಳೋ ಅದರಿಂದಲೇ ತಮ್ಮನಿಗೆ ಮುಂದೆ ಸೀಟು ಸುಲಭವಾಯಿತು. ಇದನ್ನು ಯಾವ ಬಾಯಲ್ಲಿ ಹೇಳಲಿ ಮಾರಾಯ್ರೇ.

ಅಪ್ಪ ಠಾಣೆ ಪಟ್ಟಣದ ನೌಪಾಡಾದ ಒಂದು ವೆಜಿಟೇರಿಯನ್ ಹೋಟೇಲಿನಲ್ಲಿ ದೋಸೆ ಕಲ್ಲಿನ ಮುಂದೆ ಇಪ್ಪತ್ತು ವರ್ಷ ನಿಂತವರು. ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ಠಾಣೆಗೆ ಹೋಗಿ ಬರುವುದು, ವರ್ಷಕ್ಕೊಮ್ಮೆ ಊರಿಗೆ ಹೋಗುವುದು. ಇಪ್ಪತ್ತು ವರ್ಷ ಇಲ್ಲಿದ್ದ ಮನುಷ್ಯ ಇಲ್ಲಿದ್ದಾರೆ ಅನ್ನಲಿಕ್ಕೆ ಒಂದು ಚೀಟಿಯೂ ಇರಲಿಲ್ಲ. ರೇಷನ್ ಕಾರ್ಡು ಊರಿನಲ್ಲಿ. ಓಟು ಊರಿನಲ್ಲಿ, ಅದಕ್ಕೂ ರಜೆ ಹಾಕಿ ಹೋಗುತ್ತಿದ್ದರು. ಬ್ಯಾಂಕಿನ ಪುಸ್ತಕವೂ ಊರಿನದ್ದೇ. ನಾವಿದ್ದ ರೂಮಿನ ಲೈಟ್ ಬಿಲ್ ಮಾಲೀಕನ ಹೆಸರಿನಲ್ಲಿ ಬರುತ್ತಿತ್ತು, ಬಾಡಿಗೆಗೆ ಬಾಯಿಮಾತೇ ಅಗ್ರಿಮೆಂಟು. ಯಾರಾದರೂ ಕೇಳಿದರೆ ಅಪ್ಪ, 'ಇಲ್ಲಿ ಎಂತಕ್ಕೆ? ನಾವು ಎಂತ ಇಲ್ಲಿಯೇ ಇರುವವರಾ?' ಅನ್ನುತ್ತಿದ್ದರು. ನಮ್ಮ ಚಾಳಿನ ಕನ್ನಡದವರೆಲ್ಲರ ಕಥೆ ಹೀಗೆಯೇ ಇತ್ತು. ದಿನಾ ಇಲ್ಲಿ ದುಡಿದು ಇಲ್ಲಿ ಉಂಡು ಇಲ್ಲಿ ಮಲಗುತ್ತಿದ್ದೆವು, ಕಾಗದದಲ್ಲಿ ಮಾತ್ರ ಎಲ್ಲರೂ ಊರಿನಲ್ಲಿದ್ದೆವು.

ನನಗೆ ಕೆಮಿಕಲ್ ಎಂಜಿನಿಯರಿಂಗ್ ಬೇಕಿತ್ತು. ಡೊಂಬಿವಲಿಯಲ್ಲಿ ಬೆಳೆದವರಿಗೆ ಕಾರ್ಖಾನೆಯ ವಾಸನೆ ಹೊಸತಲ್ಲ. ಗಾಳಿ ಬೀಸಿದ ದಿನ ಅಮ್ಮ ಕಿಟಕಿ ಹಾಕು ಅನ್ನುತ್ತಿದ್ದಳು. ನಾನು ಕಿಟಕಿ ಹಾಕುತ್ತಾ, ಆ ವಾಸನೆ ಯಾವುದರದ್ದು, ಎಲ್ಲಿ ಬಿಟ್ಟರು, ಯಾಕೆ ಬಿಟ್ಟರು ಅಂತ ಯೋಚಿಸುತ್ತಿದ್ದೆ. ಅದನ್ನು ಹೇಳಬಲ್ಲವಳು ಆಗಬೇಕು ಅಂತ ಹಟ ಹಿಡಿದದ್ದು ಆಗಲೇ. ಹನ್ನೆರಡನೆಯದ್ದರಲ್ಲಿ ಒಳ್ಳೆಯ ಮಾರ್ಕು ಬಂತು, ಪ್ರವೇಶ ಪರೀಕ್ಷೆಯೂ ಚೆನ್ನಾಗಿಯೇ ಆಯಿತು. ಸರಕಾರಿ ಕಾಲೇಜಿನಲ್ಲಿ ಸಿಗಬೇಕು, ಇಲ್ಲದಿದ್ದರೆ ಇಲ್ಲ. ಅದರಲ್ಲೂ ನನ್ನ ಮನಸ್ಸಿದ್ದದ್ದು ಒಂದು ಕಾಲೇಜಿನ ಮೇಲೆ. ಖಾಸಗಿ ಕಾಲೇಜಿನ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತಲೇ ಇಲ್ಲ.

ಕಾಗದ ಪರಿಶೀಲನೆಗೆ ಠಾಣೆಗೆ ಹೋದೆವು, ನಾನೂ ಅಪ್ಪನೂ. ಮೇಜಿನ ಆಚೆ ಕೂತ ಸರ್ ನನ್ನ ಸರ್ಟಿಫಿಕೇಟ್ ನೋಡಿ, ಬೆರಳು ಜನ್ಮಸ್ಥಳದ ಮೇಲಿಟ್ಟು, 'ಡೊಮಿಸೈಲ್?' ಅಂದರು. ಅದೆಂತ ಅಂತ ನಮಗೆ ಗೊತ್ತಿರಲಿಲ್ಲ. ಈ ರಾಜ್ಯದಲ್ಲಿ ಹುಟ್ಟಿದವರಿಗೆ ಅದು ಬೇಡ, ಹೊರಗೆ ಹುಟ್ಟಿದವರು ಹತ್ತು ವರ್ಷ ಸತತ ಇಲ್ಲಿದ್ದದ್ದಕ್ಕೆ ದಾಖಲೆ ಕೊಟ್ಟು ಸರಕಾರಿ ಕಚೇರಿಯಿಂದ ಅದನ್ನು ತರಬೇಕು, ಬರುವ ಶನಿವಾರದೊಳಗೆ ತಂದರೆ ಸರಿ, ಇಲ್ಲದಿದ್ದರೆ ನೀನು ಹೊರಗಿನವರ ಪಟ್ಟಿಗೆ ಹೋಗುತ್ತೀ ಅಂದರು. ಹೊರಗಿನವಳು ಅನ್ನುವುದನ್ನು ಅವರು ಮರಾಠಿಯಲ್ಲಿ ಹೇಳಿದರು, ನಾನು ಮರಾಠಿಯಲ್ಲೇ ಜಗಳ ತೆಗೆದೆ. ಬಾಲವಾಡಿಯಿಂದ ಇಲ್ಲಿಯೇ ಓದಿದವಳು, ಗಣಪತಿ ಮಂಡಳದಲ್ಲಿ ಆರತಿ ಬಾಯಿಪಾಠ ಹೇಳುವವಳು, ಯಾವ ಹೊರಗು ಸರ್ ನನ್ನದು ಅಂತ ಕೇಳಿದೆ. ಸಾಲಿನಲ್ಲಿ ಹಿಂದೆ ನಿಂತಿದ್ದ ಹೆಂಗಸೊಬ್ಬರು ಹುಡುಗಿ ಸರಿಯಾಗಿಯೇ ಕೇಳುತ್ತಿದ್ದಾಳೆ ಅಂದರು. ಸರ್ ಮಾತ್ರ ಮುಂದಿನವರನ್ನು ಕರೆದರು.

ಅಪ್ಪ ಊರಿಗೆ, ನನ್ನ ಸೋದರಮಾವನಿಗೆ, ಫೋನು ಮಾಡಿದರು. ಮಾವ ವಿಚಾರಿಸಿ ಹೇಳಿದ್ದು ಇಷ್ಟು: ಅಲ್ಲಿ ಸೀಟು ಬೇಕಿದ್ದರೆ ಅಲ್ಲಿ ಓದಿರಬೇಕು, ಹುಟ್ಟಿದರೆ ಸಾಲದು. ಅಲ್ಲಿಗೆ ಎರಡೂ ಬಾಗಿಲು ಮುಚ್ಚಿದವು. ಹುಟ್ಟಿದ ರಾಜ್ಯ ಎಲ್ಲಿ ಓದಿದ್ದೀ ಅಂತ ಕೇಳಿತು, ಓದಿದ ರಾಜ್ಯ ಎಲ್ಲಿ ಹುಟ್ಟಿದ್ದೀ ಅಂತ ಕೇಳಿತು. ಇಬ್ಬರೂ ಒಮ್ಮೆ ಎದುರುಬದುರು ಕೂತು ಮಾತಾಡಿಕೊಳ್ಳಬಾರದಿತ್ತಾ?

ಆ ದಿನವೇ ಅಮ್ಮ ಮೊದಲ ಸಲ ಆ ಮಾತು ಹೇಳಿದಳು. 'ತಪ್ಪು ನನ್ನದೇ. ನಿನ್ನನ್ನು ಇಲ್ಲಿಯೇ ಹೆರಬೇಕಿತ್ತು.' ನಾನು ಇಲ್ಲ ಅನ್ನಲಿಲ್ಲ. ಹದಿನೇಳು ವರ್ಷ ನನಗೆ, ಹೊಟ್ಟೆ ಉರಿಯುತ್ತಿತ್ತು, ಹೌದು ನಿನ್ನದೇ ತಪ್ಪು ಅಂತ ಮನಸ್ಸಿನಲ್ಲಿ ಅಂದುಕೊಂಡೆ. ಅದಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ.

ಹೋಟೇಲಿನ ಧಣಿಗಳು ಅಪ್ಪನಿಗೆ ಒಂದು ಉಪಾಯ ಹೇಳಿಕೊಟ್ಟರು. ಪರಿಚಯದವರೊಬ್ಬರಿದ್ದಾರೆ, ಸರ್ಟಿಫಿಕೇಟಿನ ಆ ಕಾಲಂ ಒಂದನ್ನು ಬದಲಾಯಿಸಿ ಕೊಡುತ್ತಾರೆ, ಎಷ್ಟೋ ಜನ ಮಾಡಿಸಿದ್ದಾರೆ ಅಂತ. ನಾನಾದರೆ ಒಪ್ಪಿಬಿಡುತ್ತಿದ್ದೆ. ಯಾರೆದುರೂ ದನಿ ಎತ್ತದ ಅಪ್ಪ ಆವತ್ತು ಒಪ್ಪಲಿಲ್ಲ. 'ಇವಳು ಹುಟ್ಟಿದ ದಿನ ನಾನು ಠಾಣೆಯಲ್ಲಿ ದೋಸೆ ಹುಯ್ಯುತ್ತಿದ್ದೆ. ನೋವು ತಿಂದದ್ದು ಇವಳಮ್ಮ, ಅಲ್ಲಿ. ಅದನ್ನು ನಾನು ಹೇಗೆ ಇಲ್ಲಿ ಅಂತ ಬರೆಸಲಿ?' ಅಂದರು. ನನಗೆ ಸಿಟ್ಟು ಬಂತು. ಗೌರವ ಬರಲಿಕ್ಕೆ ವರ್ಷಗಳು ಬೇಕಾದವು.

ಉಳಿದದ್ದು ಶಾಲೆಯ ದಾಖಲೆ. ಎಂಟರಿಂದ ಹನ್ನೆರಡರವರೆಗಿನದ್ದು ಕೈಯಲ್ಲಿತ್ತು. ಅದಕ್ಕೆ ಮೊದಲು ಓದಿದ್ದು ಕನ್ನಡ ಶಾಲೆಯಲ್ಲಿ, ಆ ಶಾಲೆ ಮಕ್ಕಳಿಲ್ಲದೆ ಮುಚ್ಚಿಹೋಗಿತ್ತು. ಅಲ್ಲಿ ನಮಗೆ ಪಾಠ ಹೇಳಿದ ಟೀಚರ್ ರಿಟೈರ್ ಆಗಿ ಮಾಜಿವಾಡಾದಲ್ಲಿ ಮಗಳ ಮನೆಯಲ್ಲಿದ್ದರು. ಧಾರವಾಡದ ಕಡೆಯವರು. ಹೋಗಿ ಹೇಳಿದ್ದೇ ತಡ, ಸೀರೆಗೆ ಪಿನ್ ಹಾಕುತ್ತಾ, 'ನಡೀ, ರಜಿಸ್ಟರ್ ಎಲ್ಲಿ ಇಟ್ಟಾರ ನನಗ ಗೊತ್ತೈತಿ' ಅಂದರು. ಮುಚ್ಚಿದ ಶಾಲೆಯ ಪುಸ್ತಕಗಳನ್ನೆಲ್ಲ ಇನ್ನೊಂದು ಶಾಲೆಯ ಸ್ಟೋರ್ ರೂಮಿನಲ್ಲಿ, ಮುರಿದ ಬೆಂಚುಗಳ ಕೆಳಗೆ ಗಂಟು ಕಟ್ಟಿ ಇಟ್ಟಿದ್ದರು. ಎರಡು ದಿನ ನಾನೂ ಟೀಚರೂ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಗಂಟು ಬಿಚ್ಚಿದೆವು. ಗೆದ್ದಲು ತಿಂದ ಪುಟಗಳನ್ನು ಟೀಚರ್ ಹಪ್ಪಳ ಎತ್ತುವ ಹಾಗೆ ಎತ್ತುತ್ತಿದ್ದರು. ಎರಡನೆಯ ದಿನ ಮಧ್ಯಾಹ್ನ ಸಿಕ್ಕಿತು. ಅವರದೇ ಅಕ್ಷರ, ನನ್ನ ಹೆಸರು, ಅಪ್ಪನ ಹೆಸರು, ಡೊಂಬಿವಲಿಯ ವಿಳಾಸ. ಟೀಚರ್ ನೆಲದ ಮೇಲೆಯೇ ಕೂತುಬಿಟ್ಟರು. 'ಒಂದನೇತ್ತಿಯಿಂದ ಏಳನೇತ್ತಿ ತನಕ ನೀ ಇಲ್ಲೇ ಇದ್ದಿ. ಯಾವ ಮಗ ಅಲ್ಲ ಅಂತಾನ ನೋಡೋಣು' ಅಂದರು.

ಅಲ್ಲ ಅಂತ ಯಾರೂ ಹೇಳಲಿಲ್ಲ. ಆ ದಾಖಲೆಗೆ ಸಹಿ ಹಾಕಬೇಕಾದ ಶಿಕ್ಷಣ ಇಲಾಖೆಯ ಅಧಿಕಾರಿ ಬುಧವಾರದ ತನಕ ರಜೆ ಅಂದರು, ಅಷ್ಟೇ. ಗುರುವಾರ ಸಹಿಯಾಯಿತು. ಶುಕ್ರವಾರ ಡೊಮಿಸೈಲ್ ಕೊಡುವ ಕಚೇರಿಯ ಕಿಟಕಿಯಲ್ಲಿ ಕೊಟ್ಟೆವು, ನಾಳೆ ಬನ್ನಿ ಅಂದರು. ಶನಿವಾರ ಎರಡು ಸಲ ಹೋದೆವು, ಸಾಹೇಬರು ಮೀಟಿಂಗಿನಲ್ಲಿದ್ದರು. ಡೊಮಿಸೈಲ್ ನನ್ನ ಕೈಗೆ ಬಂದದ್ದು ಮುಂದಿನ ಬುಧವಾರ. ಅದರಲ್ಲಿ ನನ್ನ ಫೋಟೋ ಬಹಳ ಚೆನ್ನಾಗಿ ಬಂದಿತ್ತು.

ಹೊರಗಿನವರ ಪಟ್ಟಿಯಲ್ಲಿ ನನಗೆ ಎಲ್ಲೂ ಸಿಗಲಿಲ್ಲ. ಮುಂದಿನ ವರ್ಷ ನೋಡುವ ಅನ್ನುವಷ್ಟು ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಅಪ್ಪನ ಮೊಣಕಾಲು ಆಗಲೇ ಕೈಕೊಟ್ಟಿತ್ತು. ಕಲ್ಯಾಣದ ಕಾಲೇಜೊಂದರಲ್ಲಿ ಬಿ.ಎಸ್ಸಿ. ಸೇರಿದೆ. ಎರಡು ವರ್ಷದ ಮೇಲೆ ತಮ್ಮನ ಸರದಿ ಬಂತು. ಅದೇ ಠಾಣೆ, ಅದೇ ಮೇಜು. ಅವನ ಕಾಗದ ನೋಡಿ ಮುಗಿಸಲಿಕ್ಕೆ ಅರ್ಧ ಲೋಟ ಕಟಿಂಗ್ ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಅವನ ಮೇಲೆ ನನಗೆ ಕೋಪವಿಲ್ಲ. ಒಂದೇ ತಟ್ಟೆಯಲ್ಲಿ ಉಂಡ ಇಬ್ಬರಲ್ಲಿ ಒಬ್ಬ ಮಣ್ಣಿನ ಮಗ, ಇನ್ನೊಬ್ಬಳು ಪರದೇಶಿ ಅಂತ ಬರೆದಿಟ್ಟವರ ಮೇಲೆ ಇದೆ. ಅದು ಹೋಗುವುದೂ ಇಲ್ಲ, ಹೋಗಲಿ ಅಂತ ನಾನು ಬೇಡುವುದೂ ಇಲ್ಲ. ಆದದ್ದೆಲ್ಲ ಒಳ್ಳೆಯದಕ್ಕೇ ಅನ್ನುವವರು ನನ್ನ ಹತ್ತಿರ ಬರಬೇಡಿ.

ಈಗ ನಾನು ರಬಾಳೆಯ ಒಂದು ಕಂಪನಿಯ ಲ್ಯಾಬಿನಲ್ಲಿದ್ದೇನೆ. ಎಂಜಿನಿಯರುಗಳು ಕಳಿಸಿದ ಸ್ಯಾಂಪಲ್ ಪರೀಕ್ಷೆ ಮಾಡಿ ರಿಪೋರ್ಟು ಬರೆಯುತ್ತೇನೆ. ಅವರು ತಪ್ಪಿದ್ದರೆ ತಪ್ಪು ಅಂತಲೇ ಬರೆಯುತ್ತೇನೆ. ಮಳೆಗಾಲ ಶುರುವಾಗುವ ಹೊತ್ತಿಗೆ, ರಿಸಲ್ಟಿನ ದಿನಗಳಲ್ಲಿ, ಭಾನುವಾರ ನಮ್ಮ ಕನ್ನಡ ಸಂಘದ ಹಾಲಿನಲ್ಲಿ ಒಂದು ಮೇಜು ಹಾಕಿಕೊಂಡು ಕೂರುತ್ತೇನೆ. ಯಾರೂ ನನ್ನನ್ನು ನೇಮಿಸಲಿಲ್ಲ. ಒಂಬತ್ತನೆಯ ಕ್ಲಾಸಿಗೆ ಬಂದ ಮಕ್ಕಳನ್ನು ಕಾಗದದ ಸಮೇತ ಕರೆದುಕೊಂಡು ಬನ್ನಿ ಅಂತ ಹೇಳಿದ್ದೇನೆ. ಅಪ್ಪಂದಿರು ಬಂದು, 'ಎಲ್ಲ ಊರಿನಲ್ಲಿ ಉಂಟಲ್ಲ ಅಕ್ಕ' ಅನ್ನುತ್ತಾರೆ. ನಾನು ಬೈಯುತ್ತೇನೆ. ಹೋಟೇಲು ಇಟ್ಟವರಿಗೂ ಬೈಯುತ್ತೇನೆ, ಲೋಟ ತೊಳೆಯುವವರಿಗೂ ಬೈಯುತ್ತೇನೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಮಕ್ಕಳು ಹಿಂದಿಯಲ್ಲಿ, 'ದೀದಿ, ಹೋ ಜಾಯೇಗಾ ನಾ?' ಅನ್ನುತ್ತವೆ. ತಾನಾಗಿ ಆಗುವುದಿಲ್ಲ, ನಾವೇ ಮಾಡಿಸಬೇಕು ಅನ್ನುತ್ತೇನೆ.

ಈ ವರ್ಷ ಕಲ್ಯಾಣದ ಒಬ್ಬ ಹುಡುಗಿ ಬಂದಳು, ತಡವಾಗಿ, ಹನ್ನೆರಡು ಮುಗಿಸಿಯೇ. ಹುಟ್ಟಿದ್ದು ಕುಂದಾಪುರದಲ್ಲಿ, ಅಜ್ಜಿಮನೆಯಲ್ಲಿ. ದಾಖಲೆ ಎಲ್ಲ ನಾನೇ ಜೋಡಿಸಿದೆ. ಕಚೇರಿಗೆ ಕೊಟ್ಟು ದಿನ ಕಳೆದರೂ ಡೊಮಿಸೈಲ್ ಬರಲಿಲ್ಲ. ಕೊನೆಯ ತಾರೀಖಿಗೆ ಒಂದು ದಿನ ಇರುವಾಗ ಲ್ಯಾಬಿಗೆ ರಜೆ ಹಾಕಿ ಅವಳನ್ನು ಕರೆದುಕೊಂಡು ಹೋದೆ. ಕಿಟಕಿಯ ಗುಮಾಸ್ತರು ಸೋಮವಾರ ಬನ್ನಿ ಅಂದರು. ಬರುವುದಿಲ್ಲ ಅಂದೆ. ಹಾಗಂದರೇನು ಅಂತ ಕೇಳಿದರು. ಹೋದರೆ ತಾನೇ ಬರುವುದು, ನಾವು ಹೋಗುವುದೇ ಇಲ್ಲ ಅಂತ ಬೆಂಚಿನ ಮೇಲೆ ಕೂತೆವು. ಊಟದ ಹೊತ್ತು ಅಂತ ಕಿಟಕಿ ಹಾಕಿದರು. ನಾನೂ ಡಬ್ಬಿ ಬಿಚ್ಚಿದೆ. ಅಮ್ಮ ಇಬ್ಬರಿಗೂ ಆಗುವಷ್ಟು ಚಿತ್ರಾನ್ನ ಕಟ್ಟಿದ್ದಳು, ಕಿಟಕಿಯ ಮುಂದೆಯೇ ತಿಂದೆವು. ಹುಡುಗಿ ಹೆದರಿ, 'ದೀದಿ, ಗುಸ್ಸಾ ಕರೇಂಗೇ' ಅಂದಳು. ಸಿಟ್ಟು ಮಾಡಲಿ, ನನಗೂ ಬರುತ್ತದೆ ಅಂದೆ. ಕಿಟಕಿ ತೆರೆದ ಮೇಲೆ ಅರ್ಧ ಗಂಟೆಗೊಮ್ಮೆ ಎದ್ದು ಹೋಗಿ ಸಾಹೇಬರು ಎಲ್ಲಿ ಅಂತ ಮರ್ಯಾದೆಯಿಂದ ಕೇಳಿ ಬಂದು ಕೂರುತ್ತಿದ್ದೆ. ನಾಲ್ಕು ಗಂಟೆಗೆ ಸಹಿಯಾದ ಕಾಗದ ಬಂತು. ಗುಮಾಸ್ತರು, 'ನೀವು ಇವಳ ಯಾರು?' ಅಂತ ಕೇಳಿದರು. ಯಾರೂ ಅಲ್ಲ ಅಂದೆ.

ಕಳೆದ ವಾರ ಹುಡುಗಿಯ ಅಮ್ಮ ಫೋನು ಮಾಡಿದರು. ಸೀಟು ಸಿಕ್ಕಿತು, ನಿಮ್ಮ ಉಪಕಾರ ಮರೆಯುವುದಿಲ್ಲ ಅಂದರು. ಯಾವ ಕಾಲೇಜು, ಯಾವ ಬ್ರಾಂಚು ಅಂತ ಕೇಳಿದೆ. ನಾನು ಬಯಸಿದ ಅದೇ ಕಾಲೇಜು, ಅದೇ ಕೆಮಿಕಲ್. ಸಂತೋಷ ಆಯಿತು ಅಂದೆ. ಫೋನು ಇಟ್ಟು ಲ್ಯಾಬಿನ ಬಾತ್‌ರೂಮಿಗೆ ಹೋಗಿ ನಳ ಬಿಟ್ಟುಕೊಂಡು ಅತ್ತೆ. ಹೊಟ್ಟೆಕಿಚ್ಚೇ ಅದು, ಅದಕ್ಕೆ ಬೇರೆ ಹೆಸರು ಕೊಡುವುದಿಲ್ಲ. ಅವಳಿಗೆ ಸಿಗಬಾರದಿತ್ತು ಅಂತ ಅಲ್ಲ, ನನಗೂ ಸಿಗಬೇಕಿತ್ತು ಅಂತ.

ಸಂಜೆ ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅವಳು ಅನ್ನ ಬಡಿಸುತ್ತಿದ್ದವಳು ಕಾಲೇಜಿನ ಹೆಸರು ಕೇಳಿ ನಿಂತಳು. ಇಷ್ಟು ವರ್ಷ ಹೇಳುತ್ತ ಬಂದದ್ದನ್ನೇ ಮತ್ತೆ ಹೇಳಿದಳು, ನಿನ್ನನ್ನು ಇಲ್ಲಿಯೇ ಹೆರಬೇಕಿತ್ತು ಅಂತ.

'ಅಮ್ಮ, ನೀನು ಹೆರಲಿಕ್ಕೆ ಹೋದದ್ದು ನಿನ್ನ ಅಮ್ಮನ ಹತ್ತಿರ. ಸರಿಯಾದ ಕಡೆಗೇ ಹೋಗಿದ್ದೀ. ಇನ್ನೊಮ್ಮೆ ಈ ಮಾತು ಆಡಿದರೆ ನಾನು ಈ ಮನೆಯಲ್ಲಿ ಊಟ ಮಾಡುವುದಿಲ್ಲ.'

ಅಮ್ಮ ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದಳು. 'ಇದನ್ನು ಆವತ್ತೇ ಹೇಳಬಾರದಿತ್ತಾ?' ಅಂದಳು.