ಮೊರದಿಂದ ಆಚೆ ಬಿದ್ದ ದಾಳ

ಮೊನ್ನೆ ಶನಿವಾರ ಸಾರಿಗೆಂದು ಹುರುಳಿಕಾಳು ಆರಿಸುತ್ತ ಕೂತಿದ್ದೆ. ಅಟ್ಟದಲ್ಲಿದ್ದ ಹೋದ ವರ್ಷದ ಚೀಲವನ್ನು ಇಳಿಸಿ, ಮೊರಕ್ಕೆ ಒಂದಿಷ್ಟು ಸುರಿದುಕೊಂಡಿದ್ದೆ. ಕಡ್ಡಿ, ಕಲ್ಲು, ಹುಳ ಹಿಡಿದ ಕಾಳು ಎಲ್ಲವನ್ನೂ ಬದಿಗೆ ತಳ್ಳುತ್ತಿದ್ದಾಗ ಬೆರಳಿಗೆ ಒಂದು ದಪ್ಪ ಕಲ್ಲು ತಗುಲಿತು. ಹುರುಳಿಯದೇ ಬಣ್ಣ. ಎಸೆಯಲು ಹೋದರೆ ಮೈತುಂಬ ಅಂಕಿಗಳು. ಇಪ್ಪತ್ತು ಮುಖದ ದಾಳ! ಒಬ್ಬಳೇ ಜೋರಾಗಿ ನಕ್ಕೆ. ನಕ್ಕ ಮೇಲೆ ದಿಗಿಲಾಯಿತು. ಈ ದಾಳ ಸಿಗಬಾರದಿತ್ತು. ಯಾಕೆಂದು ತಿಳಿಯಬೇಕಾದರೆ ನೀವು ಪಾಂಡವಪುರದ ನಮ್ಮ ಮನೆಯ ಹಜಾರಕ್ಕೆ ಬಂದು, ಚಾಪೆಯ ಮೇಲೆ ಸ್ವಲ್ಪ ಹೊತ್ತು ಕೂರಬೇಕು.

ಭಾನುವಾರ ಮಧ್ಯಾಹ್ನ ಅಲ್ಲಿ ಆಟ ನಡೆಯುತ್ತದೆ. ಇಸ್ಪೀಟು ಎಂದುಕೊಂಡಿರೇನೋ, ಅಲ್ಲ. ಒಬ್ಬರು ಕತೆ ನಡೆಸುತ್ತಾರೆ. ಉಳಿದವರು ಒಂದೊಂದು ವೇಷ ಹಿಡಿದು ಆ ಕತೆಯೊಳಗೆ ಹೊಕ್ಕು, ಕೂತಲ್ಲೇ ಬಾಯಿಮಾತಿನಲ್ಲಿ ಓಡುತ್ತಾರೆ, ಈಜುತ್ತಾರೆ, ಹೊಡೆದಾಡುತ್ತಾರೆ. ಗೋಡೆ ಹಾರಿದೆ ಎಂದು ಹೇಳಿಬಿಟ್ಟರೆ ಆಗಲಿಲ್ಲ, ದಾಳ ಹಾಕಬೇಕು. ದೊಡ್ಡ ಅಂಕಿ ಬಿದ್ದರೆ ಗೋಡೆಯಾಚೆ, ಸಣ್ಣದು ಬಿದ್ದರೆ ಚರಂಡಿಯೊಳಗೆ. ನನ್ನದು ಮಾಟಗಾತಿಯ ವೇಷ. "ಇದಕ್ಕೆ ವೇಷ ಬೇರೆ ಯಾಕೆ ಬೇಕಿತ್ತು?" ಎಂದು ಕೇಳಿದ ನಮ್ಮ ಮನೆಯವರು ಅವತ್ತಿನ ಸಂಜೆಯ ಕಾಫಿ ಕಳೆದುಕೊಂಡರು.

ಕತೆ ನಡೆಸುವವರು ಪಿ.ಟಿ. ಮೇಷ್ಟ್ರು ನಿಂಗೇಗೌಡರು. ಕಬಡ್ಡಿ ಅಂಪೈರುಗಳ ತರಬೇತಿಗೆಂದು ಮೈಸೂರಿಗೆ ಹೋದವರು, ಜೊತೆಗೆ ತಂಗಿದ್ದ ಯಾರಿಂದಲೋ ಈ ಆಟ ಕಲಿತು ಬಂದರು. ಕಲಿತದ್ದು ಈ ಆಟ, ಆಡಿಸಿದ್ದು ಮಾತ್ರ ಕಬಡ್ಡಿಯ ಹಾಗೆ. ಕೊರಳಿನ ಸೀಟಿ ತೆಗೆಯುತ್ತಿರಲಿಲ್ಲ. ದಾಳ ಮಂಚದಡಿ ಉರುಳಿಹೋಗುತ್ತದೆಂದು ನನ್ನ ಮೊರವನ್ನೇ ಅಂಕಣ ಮಾಡಿದರು. ದಾಳ ಮೊರದೊಳಗೆ ಬಿದ್ದರೆ ಲೆಕ್ಕ, ಆಚೆ ಬಿದ್ದರೆ ಇಲ್ಲ. ಅವರು ನೋಡುವ ಮೊದಲೇ ಮುಟ್ಟಿದರೆ ಫೌಲ್. ಬರಬರುತ್ತ ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದಲ್ಲೂ ಒಂದೊಂದು ಗುಂಪು ಹುಟ್ಟಿಕೊಂಡಿತು. ನಾಲ್ಕಕ್ಕೂ ಒಂದೇ ಕಾನೂನು. ನಿಮ್ಮ ವೇಷ ಇಲ್ಲಿ ಗಳಿಸಿದ ಶಕ್ತಿಯನ್ನು ಹೊತ್ತುಕೊಂಡು ಅಲ್ಲೂ ಹೋಗಿ ಆಡಬಹುದು. ಆದರೆ ಒಂದು ಕಡೆ ಸತ್ತರೆ ನಾಲ್ಕೂ ಕಡೆ ಸತ್ತ ಹಾಗೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿರುವ ನನಗೆ ಈ ಕಾನೂನುಗಳೆಂದರೆ ಹಬ್ಬ. ಮೇಷ್ಟ್ರು ಮರೆತದ್ದನ್ನೂ ನಾನು ನೆನಪಿಸಿ ಎಲ್ಲರಿಂದ ಬೈಸಿಕೊಳ್ಳುತ್ತಿದ್ದೆ.

ದಾಳ ಮುಟ್ಟಬಾರದೆಂಬ ಕಾನೂನು ಹುಟ್ಟಿದ್ದೇ ಪುಟ್ಟರಾಜನಿಂದ. ಪಕ್ಕದ ಹಳ್ಳಿಯ ಡೇರಿ ಸೆಕ್ರೆಟ್ರಿ. ಬೆಳಗಾದರೆ ಊರಿನವರ ಹಾಲಿಗೆ ಲ್ಯಾಕ್ಟೋಮೀಟರ್ ಅದ್ದಿ, ನೀರು ಬೆರೆಸಿದವರ ಮಾನ ಕಳೆಯುವ ಮನುಷ್ಯ. ಭಾನುವಾರ ಮಾತ್ರ ದಾಳ ಹಾಕಿದ ಕೂಡಲೇ ಬಾಚಿಕೊಂಡು, "ಅದ್ನೆಂಟು ಕಣಕ್ಕ!" ಎನ್ನುತ್ತಿದ್ದ. ಅವನ ದಾಳದಲ್ಲಿ ಹತ್ತಕ್ಕಿಂತ ಕಡಿಮೆ ಅಂಕಿಗಳೇ ಇಲ್ಲವೇನೋ ಎಂದು ನಾನು ಕೇಳಿದರೆ, "ನಿಮ್ಗೆ ಒಟ್ಟೆಕಿಚ್ಚು" ಎಂದು ನಗುತ್ತಿದ್ದ.

ಅವನ ವೇಷದ ಹೆಸರು ಕೆಂಚವೀರ. ಪ್ರವಾಹ ಬಂದ ಹೇಮಾವತಿಯನ್ನು ಅಕ್ಕಿಹೆಬ್ಬಾಳಿನ ಹತ್ತಿರ ಈಜಿ ದಾಟಿದವನು, ಓಡುವ ಕುದುರೆಯನ್ನು ಓಡಿಯೇ ಹಿಡಿದವನು. ಅಂಥ ಕೆಂಚವೀರ ಒಂದು ಭಾನುವಾರ ಕುಂತಿಬೆಟ್ಟದ ಗವಿಗೆ ನುಗ್ಗಿ ರಾಕ್ಷಸನ ಎದುರು ನಿಂತ. ಪುಟ್ಟರಾಜ ದಾಳ ಹಾಕಿ ಕೈ ಚಾಚುವಷ್ಟರಲ್ಲಿ ಮೇಷ್ಟ್ರು ಸೀಟಿ ಊದಿದರು. ಎಲ್ಲರೂ ಬಗ್ಗಿ ನೋಡಿದೆವು. ಒಂದು.

"ಇನ್ನೊಂದ್ಸಲ ಆಕ್ತೀನಿ ಬುಡಿ ಸಾ."

"ಔಟ್ ಅಂದ್ರೆ ಔಟ್ ಕಣ್ಲಾ. ಸತ್ತೋದ ಅವ್ನು."

ಮನೆಯೊಳಗೆ ಸಾವಾದರೆ ಸುಮ್ಮನಿರಲಾದೀತೇ? ನಾನೇ ತಮಾಷೆಗೆ ತಿಥಿ ಮಾಡೋಣವೆಂದೆ. ನಮ್ಮ ಕಡೆ ಊಟದ ವಿಷಯದಲ್ಲಿ ತಮಾಷೆ ತಮಾಷೆಯಾಗಿ ಉಳಿಯುವುದಿಲ್ಲ. ಮುಂದಿನ ಭಾನುವಾರ ಮಟನ್ ಸಾರು, ಮುದ್ದೆ, ಬೋಟಿ ಗೊಜ್ಜು ಆಯಿತು. ನಾಲ್ಕೂ ಊರಿನವರು ಬಂದರು. ಸತ್ತವನಿಗೆ ಇಷ್ಟವಾದದ್ದನ್ನು ಎಡೆ ಇಡಬೇಕಲ್ಲ, ಕೆಂಚವೀರನಿಗೆ ಏನಿಷ್ಟ ಎಂದು ಪುಟ್ಟರಾಜನನ್ನೇ ಕೇಳಿದೆವು. ಅವನು ತುಂಬ ಯೋಚಿಸಿ, "ಕೋಳಿ ಕಾಲು, ಒಂದು ಕಟ್ಟು ಬೀಡಿ" ಎಂದ. ಅದನ್ನೂ ಇಟ್ಟೆವು. ತನ್ನ ತಿಥಿಯನ್ನು ತಾನೇ ಉಂಡು, ಎರಡನೇ ಸಲ ಸಾರು ಬಡಿಸಿಕೊಂಡವನನ್ನು ನಾನು ಅವತ್ತೇ ಮೊದಲು ನೋಡಿದ್ದು.

ಇದಾದ ಕೆಲವು ವಾರಕ್ಕೆ ನಾದಿನಿಯ ಮನೆಗೆಂದು ನಾಗಮಂಗಲಕ್ಕೆ ಹೋಗಿದ್ದೆ. ಹೇಗೂ ಭಾನುವಾರ, ಅಲ್ಲಿನ ಆಟವನ್ನೂ ನೋಡಿ ಬರೋಣವೆಂದು ಹೋದರೆ, ಮೆಟ್ಟಿಲು ಹತ್ತುವಾಗಲೇ ಗುರುತಿನ ದನಿ ಕೇಳಿತು. "ಕೆಂಚವೀರ ನುಗ್ತಾವ್ನೆ, ದಾರಿ ಬುಡ್ರಲಾ!"

ನನ್ನನ್ನು ಕಂಡು ಪುಟ್ಟರಾಜನ ಬಾಯಿ ತೆರೆದಂತೆಯೇ ಉಳಿಯಿತು. ನಾಗಮಂಗಲದವರಿಗೆ ಅವನು, ಕೆಂಚವೀರನಿಗೆ ಮಂತ್ರದಿಂದ ಜೀವ ಬಂತು, ಮೇಷ್ಟ್ರೂ ಒಪ್ಪಿದ್ದಾರೆ ಎಂದು ಹೇಳಿಬಿಟ್ಟಿದ್ದನಂತೆ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತ.

"ಮೇಷ್ಟ್ರಿಗೆ ಯೇಳ್ಬ್ಯಾಡಿ ಅಕ್ಕ."

"ತಿಥಿ ಊಟ ಉಂಡಿದ್ದೀಯಲ್ಲೋ, ನಾಚಿಕೆ ಆಗಲ್ವ?"

ಅವನು ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಸೀಟಿನ ಪಕ್ಕಕ್ಕೆ ಚಾಚಿಕೊಂಡ. ಬೈಕಿನಿಂದ ಬಿದ್ದು ಮಂಡಿ ಕಳೆದುಕೊಂಡ ಮೇಲೆ ಅದು ಮಡಚುತ್ತಿರಲಿಲ್ಲ. ಅದಕ್ಕೂ ಮೊದಲು ತಾಲ್ಲೂಕಿಗೆಲ್ಲ ಗೊತ್ತಿದ್ದ ಕಬಡ್ಡಿ ಆಟಗಾರ ಅವನು. "ಬೇರೆ ವೇಸ ತಕೊ ಅಂತೀರ. ತಕೋಬೋದು. ಆದ್ರೆ ಓಡೋದು ಅಂದ್ರೆ ಎಂಗಿರ್ತದೆ ಅಂತ ನನ್ಗೆ ಮರ್ತೇ ಓಗಿತ್ತು ಅಕ್ಕ. ಕೆಂಚವೀರ ಓಡ್ದಾಗ ಗೆಪ್ತಿಗೆ ಬಂತು" ಎಂದ. ನನಗೆ ಕಾನೂನು ಒಂದೂ ನೆನಪಾಗಲಿಲ್ಲ.

ನಾನು ಹೇಳಲಿಲ್ಲ. ನಾಗಮಂಗಲದವರೇ ಫೋನು ಮಾಡಿ, ನಿಮ್ಮ ಕೆಂಚವೀರ ಭಾರಿ ಗಟ್ಟಿಗ ಎಂದು ಮೇಷ್ಟ್ರ ಹತ್ತಿರ ಹೊಗಳಿಬಿಟ್ಟರು. ಮುಂದಿನ ಭಾನುವಾರ ನಮ್ಮ ಹಜಾರದಲ್ಲಿ ಪಂಚಾಯ್ತಿ ಸೇರಿತು. ಮೋಸ ಮಾಡಿದ್ದಕ್ಕಿಂತ ಹೆಚ್ಚಾಗಿ ಜನಕ್ಕೆ ಕೋಪವಿದ್ದದ್ದು ತಿಥಿಯ ಬಗ್ಗೆ. ಕೆ.ಆರ್. ಪೇಟೆಯಿಂದ ಬಂದಿದ್ದ ಹಿರಿಯರೊಬ್ಬರು, "ತಿಥಿ ಉಂಡಾದ್ಮೇಲೆ ಸತ್ತೋನು ಎದ್ದು ಬಂದ್ರೆ ಉಂಡೋರ ಗತಿ ಏನ್ಲಾ?" ಎಂದು ನಿಜವಾಗಿಯೂ ಕಂಗಾಲಾಗಿ ಕೇಳಿದರು.

ಕೊನೆಗೆ ಮೇಷ್ಟ್ರು ತೀರ್ಮಾನ ಕೊಟ್ಟರು. ಒಂದೇ ಸಲ ದಾಳ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಕೆಂಚವೀರ ಬದುಕಿದ. ಕಡಿಮೆ ಬಿದ್ದರೆ ನಾಲ್ಕೂ ಊರಿನಲ್ಲಿ ಇನ್ನು ಅವನ ಹೆಸರೆತ್ತುವಂತಿಲ್ಲ.

ಪುಟ್ಟರಾಜ ಹಾಕಿದ ದಾಳ ಮೊರದ ಅಂಚಿಗೆ ಬಡಿದು ಹಾರಿ, ಅವನ ಪಕ್ಕದಲ್ಲಿ ಬಾಯಿ ತೆರೆದಿದ್ದ ಹುರುಳಿ ಚೀಲದ ಮೇಲೆ ಬಿತ್ತು. ಅವನು ಬಗ್ಗಿ ನೋಡಿದ. ಅಷ್ಟರಲ್ಲಿ ಕಾಳು ಜರಿದು ದಾಳ ಒಳಗಿಳಿಯಿತು. ಅಂಕಿ ಕಂಡದ್ದು ಅವನೊಬ್ಬನಿಗೇ. ಮುಗಿಯಿತು, ಈಗ ಇಪ್ಪತ್ತು ಎನ್ನುತ್ತಾನೆ ಎಂದು ನಾವೆಲ್ಲ ಮುಖ ಮುಖ ನೋಡಿಕೊಂಡೆವು.

"ನಾಕು" ಎಂದ ಪುಟ್ಟರಾಜ. "ನಾಕು ಬಿದ್ದದೆ ಸಾ." ತಲೆ ಎತ್ತಲಿಲ್ಲ.

ಸೀಟಿ ಮೊಳಗಿತು.

"ನೀನು ಯೇಳಿದ್ದ ಯಾವತ್ತು ನಂಬಿದ್ದೀನ್ಲಾ ನಾನು, ಇವತ್ತು ನಂಬೋಕೆ?" ಎಂದರು ಮೇಷ್ಟ್ರು. "ಮೊರದಿಂದ ಆಚೆ ಬಿದ್ದದೆ, ಲೆಕ್ಕಕ್ಕಿಲ್ಲ. ಅದೇ ದಾಳ ತಿರ್ಗಾ ಆಕ್ಬೇಕು." ಚೀಲದೊಳಗೆ ಮೊಣಕೈವರೆಗೂ ಕೈ ಬಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ತಡಕಿದರು. ಬೇರೆ ಯಾರಿಗೂ ಹುಡುಕಲು ಬಿಡಲಿಲ್ಲ. "ಇಲ್ಲ, ಸಿಗ್ತಿಲ್ಲ. ಸಿಗೋಗಂಟ ತೀರ್ಪಿಲ್ಲ. ತೀರ್ಪು ಬರೋಗಂಟ ಆಡ್ಕೊಂಡಿರ್ಲಿ." ಚೀಲದ ಬಾಯನ್ನು ತಾವೇ ಬಿಗಿಯಾಗಿ ಕಟ್ಟಿ, ತಾವೇ ಅಟ್ಟಕ್ಕೆ ಏರಿಸಿದರು. ಮೇಷ್ಟ್ರು ನಮ್ಮ ಮನೆಯಲ್ಲಿ ಒಂದು ಲೋಟ ಎತ್ತಿಟ್ಟದ್ದನ್ನೂ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅವತ್ತಿನಿಂದ ಕೆಂಚವೀರ ಓಡುತ್ತಲೇ ಇದ್ದಾನೆ. ಪುಟ್ಟರಾಜ ಈಗ ದಾಳ ಹಾಕಿ ಕೈ ಕಟ್ಟಿಕೊಂಡು ಕೂರುತ್ತಾನೆ. ಸೋತಾಗಲೂ ತಾನೇ ಗಟ್ಟಿಯಾಗಿ ಅಂಕಿ ಹೇಳುತ್ತಾನೆ. ಹೀಗಿರುವಾಗ ಮೊನ್ನೆ ದಾಳ ಸಿಕ್ಕಿತಲ್ಲ, ನನ್ನೊಳಗಿನ ಗುಮಾಸ್ತೆ ಸುಮ್ಮನಿರಲಿಲ್ಲ. ಮೇಷ್ಟ್ರಿಗೆ ಫೋನು ಮಾಡಿದೆ.

"ಮೇಷ್ಟ್ರೇ, ಹುರುಳಿಯಲ್ಲಿ ದಾಳ ಸಿಕ್ತು."

ಆ ಕಡೆ ಮಕ್ಕಳು ಮೈದಾನದಲ್ಲಿ ಕಿರುಚುವುದು ಕೇಳುತ್ತಿತ್ತು.

"ಕಲ್ಲಿರ್ಬೇಕು ಅಕ್ಕ" ಎಂದರು. "ಸರ್ಯಾಗಿ ನೋಡಿ."

ಬೆಳಕಿಗೆ ಹಿಡಿದು ಸರಿಯಾಗಿ ನೋಡಿದೆ. ಹೌದು, ಕಲ್ಲೇ. ಉಳಿದ ಕಲ್ಲುಗಳ ಜೊತೆ ಹಿತ್ತಿಲಿಗೆ ಎಸೆದು ಬಂದು, ಕಾಳು ತೊಳೆದು ಒಲೆಯ ಮೇಲಿಟ್ಟೆ.