ಮಹಾನಂದಾ ಸಿಸ್ಟರ್ ಅವರ ಸಂಶಯ

ವಿಜಯಪುರದ ಶುಶ್ರೂಷಾ ಕ್ಷೇತ್ರದಲ್ಲಿ ಮೂರು ದಶಕಗಳಿಂದ ಗೌರವದಿಂದಲೂ ತುಸು ಅಂಜಿಕೆಯಿಂದಲೂ ಕೇಳಿಬರುವ ಹೆಸರು ಶ್ರೀಮತಿ ಮಹಾನಂದಾ ಅವರದು. ಬಬಲೇಶ್ವರದಲ್ಲಿ ಹುಟ್ಟಿ, ನಗರದ ಆಸ್ಪತ್ರೆಯೊಂದರಲ್ಲಿ ಕಿರಿಯ ದಾದಿಯಾಗಿ ಸೇರಿ, ಇಂದು ಶುಶ್ರೂಷಾ ಅಧೀಕ್ಷಕಿಯಾಗಿ ನಿವೃತ್ತರಾಗುತ್ತಿರುವ ಅವರು ಯಾರನ್ನೂ ಸುಲಭಕ್ಕೆ ನಂಬಿದವರಲ್ಲ. ರೋಗಿಯ ರಕ್ತನಾಳದೊಳಗೆ ಕ್ಯಾನುಲಾ ಎಂಬ ಮೆದು ಕೊಳವೆಯನ್ನು ಇರಿಸಿದ ಕ್ಷಣದಿಂದಲೇ ಅದು ಕಟ್ಟಿಕೊಳ್ಳಲಿದೆ ಎಂದು ಶಂಕಿಸುತ್ತಿದ್ದರು. ನಾಳ ಸಣ್ಣದೇ, ಕೈ ಮಡಚುವ ಜಾಗವೇ, ಔಷಧಿ ನಾಳವನ್ನು ಕೆರಳಿಸುವಂಥದೇ ಎಂದು ಮೊದಲೇ ವಿಚಾರಿಸಿ, ಅಪಾಯ ಹೆಚ್ಚಿದ್ದವರ ಕೊಳವೆಯನ್ನು ಮೇಲಿಂದ ಮೇಲೆ ಪರೀಕ್ಷಿಸುತ್ತಿದ್ದರು. ಕಿರಿಯರು ಗೊಣಗಿದರೂ, ರೋಗಿಗಳು ಮತ್ತೆ ಮತ್ತೆ ಚುಚ್ಚಿಸಿಕೊಳ್ಳುವುದು ಕಡಿಮೆಯಾಯಿತು.

ಈ ಎಚ್ಚರಕ್ಕೆ ಕಠಿಣ ಪರೀಕ್ಷೆ ಎದುರಾದದ್ದು ಕೆಲವು ವರ್ಷಗಳ ಹಿಂದೆ, ತಿಕೋಟಾದ ಗೌರಾಬಾಯಿಯವರು ದಾಖಲಾದಾಗ. ದ್ರಾಕ್ಷಿ ತೋಟದ ತಂತಿ ತಾಗಿದ ಅವರ ಕಾಲು ಕೀವುಗಟ್ಟಿ, ಬಾವು ಮೊಣಕಾಲಿಗೆ ಏರುತ್ತಿತ್ತು. ಔಷಧಿ ತಪ್ಪಿದರೆ ಕಾಲಿಗೇ ಕುತ್ತು. ಆದರೆ ಹಾಕಿದ ಕ್ಯಾನುಲಾ ಪ್ರತಿಸಲವೂ ರಕ್ತ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತಿತ್ತು. ಚುಚ್ಚಲು ನಾಳ ಸಿಗುವುದೇ ಕಷ್ಟವಾಯಿತು.

“ನಿಮ್ಮ ಮಂದಿಗಿ ಸೂಜಿ ಹಾಕಾಕ ಬರತೈತೋ ಇಲ್ಲೋ?” ಎಂದು ಮಗ ಸಿದ್ದರಾಮ ಹರಿಹಾಯ್ದ.

ಮಹಾನಂದಾ ಅವರು ಮೊದಲು ತಮ್ಮ ದಾದಿಯರನ್ನೇ ಶಂಕಿಸಿ, ಕೊಳವೆಗೆ ಸಲೈನ್ ಹಾಯಿಸಿ ತೊಳೆಯುವ ಕೆಲಸವನ್ನು ಸ್ವತಃ ವಹಿಸಿಕೊಂಡರು. ಮತ್ತೂ ಕಟ್ಟಿತು. ಬಾಟಲಿ ಮುಗಿಯಬೇಕಾದ ಹೊತ್ತಿಗೂ ಅರ್ಧ ಉಳಿದಿರುತ್ತಿತ್ತು. ಯಾರೋ ಸಲೈನ್ ನಳಿಕೆಯಲ್ಲಿ ಹನಿಯನ್ನು ಹತೋಟಿಯಲ್ಲಿಡುವ ಪುಟ್ಟ ಗಾಲಿ ತಿರುಗಿಸಿ ಹನಿ ನಿಲ್ಲಿಸುತ್ತಿದ್ದಾರೆ, ದಾದಿ ಬರುವಷ್ಟರಲ್ಲಿ ಮತ್ತೆ ಬಿಡುತ್ತಿದ್ದಾರೆ, ನಿಂತ ಹೊತ್ತಿನಲ್ಲಿ ರಕ್ತ ಕೊಳವೆಗೆ ಹಿಂದಿರುಗಿ ಹೆಪ್ಪುಗಟ್ಟುತ್ತಿದೆ ಎಂದು ಅವರಿಗೆ ಅನ್ನಿಸಿತು. ಕಣ್ಣು ಸೊಸೆ ಶಾಂಭವಿಯ ಮೇಲೆ ಬಿತ್ತು. ಹಗಲೆಲ್ಲ ಅತ್ತೆಯ ಬದಿಗೆ ಕುಳಿತರೂ ಒಂದು ಮಾತೂ ಆಡದವಳು, ದಾದಿ ಬಂದೊಡನೆ ಬಾಟಲಿಯನ್ನೇ ದಿಟ್ಟಿಸುವವಳು! ಒಂದು ಮಧ್ಯಾಹ್ನ ಏನೋ ನೆಪ ಹೇಳಿ ಅವಳನ್ನು ಹೊರಗೆ ಕೂರಿಸಿ, ಅವಳಿಲ್ಲದಾಗ ಹನಿ ನಿಲ್ಲದೆ ಇಳಿಯುವುದೋ ನೋಡಲು ತಾವು ಪರದೆಯಾಚೆ ನಿಂತರು.

ತುಸು ಹೊತ್ತಿಗೆ ನಳಿಕೆಯನ್ನು ಹೊದಿಕೆಯ ಮರೆಗೆ ಎಳೆದುಕೊಂಡು ಗಾಲಿ ತಿರುಗಿಸಿದ್ದು ಗೌರಾಬಾಯಿಯೇ.

“ಯವ್ವಾ, ಯಾಕ ಬಂದ್ ಮಾಡಾಕತ್ತಿ?” ಎಂದರು ಮಹಾನಂದಾ.

ಗೌರಾಬಾಯಿ ಗೋಡೆಯತ್ತ ಮುಖ ಹೊರಳಿಸಿದರು. “ನೀರ ಏರಿದಾಂಗ ಒಂದಕ್ಕ ಬರತೈತ್ರಿ. ಮಗನ ಮುಂದ ಹ್ಯಾಂಗ ಹೇಳ್ಲಿ? ಸೊಸಿಗಿ ಬಂದ ದಿನದಿಂದ ಬೈಕೋಂತ ಬಂದೀನಿ. ಈಗ ಎಬ್ಬಿಸಿ ಕರ್ಕೊಂಡ ಹೋಗಂತ ಯಾವ ಬಾಯಿಲೆ ಕೇಳ್ಲಿ?”

ನಾಳ, ಮೊಣಕೈ, ಔಷಧಿ ಎಲ್ಲವನ್ನೂ ಅಳೆದಿದ್ದ ಮಹಾನಂದಾ ಅವರಿಗೆ ಈ ನಾಚಿಕೆ ಹೊಳೆದಿರಲಿಲ್ಲ. ಗಾಲಿ ತಿರುಗಿಸಿ ಮತ್ತೆ ಹನಿ ಬಿಟ್ಟು, ನೇರ ಹೊರಗೆ ಹೋಗಿ ಶಾಂಭವಿಗೆ ಎಲ್ಲವನ್ನೂ ಹೇಳಿದರು. “ತಂಗಿ, ನಿನ್ನ ಮ್ಯಾಲ ಸಂಶಯ ಪಟ್ಟಿದ್ನಿ. ತಪ್ಪಾತು.”

“ನನಗೂ ನಿಮ್ಮ ಮ್ಯಾಲ ಇತ್ರಿ. ಅದಕ್ಕ ನಿಮ್ಮ ಮಂದಿ ಬಂದಾಗೊಮ್ಮೆ ಬಾಟಲಿ ಕಾಯ್ಕೋಂತ ಕುಂತಿರ್ತಿದ್ನಿ,” ಎಂದಳು ಶಾಂಭವಿ. ಒಳಗೆ ಹೋಗಿ, “ಏಳ್ರಿ ಅತ್ತಿ,” ಎಂದು ಹೆಗಲು ಕೊಟ್ಟಳು.

ಅಂದು ಹಾಕಿದ ಕ್ಯಾನುಲಾ ಮತ್ತೆ ಕಟ್ಟಲಿಲ್ಲ. ಬಾವು ಇಳಿಯಿತು, ಗೌರಾಬಾಯಿ ತಮ್ಮ ಕಾಲ ಮೇಲೆ ತಿಕೋಟಾ ಬಸ್ಸು ಹತ್ತಿದರು. ಅಂದಿನಿಂದ ಆ ವಾರ್ಡಿನಲ್ಲಿ ಕೊಳವೆ ಹಾಕುವ ಮುನ್ನ ದಾದಿಯರು ರೋಗಿಯ ಕಿವಿಯ ಬಳಿ ಬಾಗಿ, ಬಚ್ಚಲಿಗೆ ಕರೆದೊಯ್ಯುವವರು ಯಾರೆಂದು ಮೆಲ್ಲಗೆ ಕೇಳುತ್ತಾರೆ.

ನಿವೃತ್ತಿಯ ನಂತರ ತಿಕೋಟಾ, ಬಬಲೇಶ್ವರಗಳ ಕಿರಿಯ ದಾದಿಯರಿಗೆ ಕಲಿಸಲು ಮಹಾನಂದಾ ಅವರು ಒಪ್ಪಿದ್ದಾರೆ. ಅವರ ಆಯುಷ್ಯ ದೊಡ್ಡದಾಗಲಿ, ಕಣ್ಣು ಮಂಜಾಗದಿರಲಿ. ಆ ಕೈಯಲ್ಲಿ ಪಳಗಿದವರು ಊರೂರಿನಲ್ಲಿ ಹೆಚ್ಚಲಿ.