ಪಾಟಿಕಲ್ಲಿನ ಬೆಟ್ಟದ ವೈನು

ಬಿಳಿಯ ವೈನಿನ ರುಚಿಯನ್ನು ನಾನು ಮೊದಲು ಅರಿತದ್ದು ಕುಬಿಹಾಳದ ಒಂದು ಎರೆಹೊಲದ ಬದುವಿನಲ್ಲಿ, ಬೇವಿನ ಮರದ ನೆರಳಿನಲ್ಲಿ. ಎಪ್ಪತ್ತರ ದಶಕದ ಆ ಬೇಸಿಗೆಯಲ್ಲಿ ನಾನು ಮಣ್ಣಿನ ಸಮೀಕ್ಷೆಗೆಂದು ಬಂದಿದ್ದ ಜರ್ಮನಿಯ ತಜ್ಞರೊಬ್ಬರಿಗೆ ದುಭಾಷಿಯಾಗಿದ್ದೆ. ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದವನು ನಾನೊಬ್ಬನೇ, ಸಿಕ್ಕಿದ್ದು ಮಾತ್ರ ತಾತ್ಕಾಲಿಕ ಕೆಲಸ. ಮಣ್ಣಿನ ಪದರ ನೋಡಲೆಂದು ಆಳುದ್ದದ ಗುಂಡಿ ತೋಡಲು ಹೊಲದ ಗೌಡರು ಒಪ್ಪಿದರೆ ಸಮೀಕ್ಷೆಯೂ ನನ್ನ ಕೆಲಸವೂ ಮುಂದುವರಿಯುತ್ತಿದ್ದವು. ಒಪ್ಪದಿದ್ದರೆ ಜರ್ಮನ್ ಸಾಹೇಬರು ಬೇರೆ ಜಿಲ್ಲೆಗೆ ಹೋಗುವವರಿದ್ದರು, ನಾನು ಮನೆಗೆ.

ಗೌಡರಿಗೆ ಅನುಮಾನವಿತ್ತು. “ಇವತ್ತ ತೆಗ್ಗ ತೋಡತಾರ, ನಾಳೆ ಅಳತಿ ಹಚ್ಚತಾರ, ನಾಡದ ಈ ಹೊಲಾನ ನಿಮ್ಮದಲ್ಲ ಅಂತಾರ,” ಎಂದು ಹೇಳಿ, ಪ್ರತಿ ಸಲವೂ ಚಹಾ ಕುಡಿಸಿ ನಮ್ಮನ್ನು ಸಾಗಹಾಕುತ್ತಿದ್ದರು.

ಆ ದಿನ ಸಾಹೇಬರು ಒಂದು ಬಾಟಲಿಯನ್ನು ತಂದರು. ಉದ್ದ ಕತ್ತಿನ ಹಸಿರು ಗಾಜು. ಒದ್ದೆ ಗೋಣಿಚೀಲದಲ್ಲಿ ಸುತ್ತಿದ್ದರಿಂದ ತಣ್ಣಗಿತ್ತು. ಅವರ ತಂದೆ ಸ್ವಂತ ತೋಟದ ದ್ರಾಕ್ಷಿಯಿಂದ ಮಾಡಿ, ಅನೇಕ ವರ್ಷ ನೆಲಮಾಳಿಗೆಯಲ್ಲಿ ಕಾಪಾಡಿದ ವೈನು ಅದು. ಬೇರು ಏನನ್ನು ಕುಡಿಯುತ್ತದೆಂದು ತಿಳಿಯಲು ತಮ್ಮೂರಿನಲ್ಲಿಯೂ ತೋಟವನ್ನು ಅಗೆದು ನೋಡುತ್ತಾರೆ, ಹಾಗೆ ತಿಳಿದದ್ದೆಲ್ಲ ಈ ಬಾಟಲಿಯಲ್ಲಿದೆ ಎಂದು ಅವರು ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸಿದೆ.

ಗೌಡರದು ಲಿಂಗ ಕಟ್ಟಿದ ಮನೆತನ. ಅಲ್ಲಿ ಹೆಂಡ-ಸೆರೆ ಹೊಸ್ತಿಲು ದಾಟುವಂತಿರಲಿಲ್ಲ. ಬಂದವರ ಕಾಣಿಕೆಯನ್ನು ಬೇಡವೆನ್ನುವುದೂ ಆ ಮನೆಯ ರೀತಿಯಲ್ಲ. ಅವರು ಸ್ವಲ್ಪ ಯೋಚಿಸಿ, “ಮನಿಯೊಳಗ ಬ್ಯಾಡ್ರಿ, ಹೊಲಕ್ಕ ಹೋಗೂಣು. ನಾ ಬರೇ ಮೂಸಿ ನೋಡತೀನಿ. ಕುಡಿಯೂದು ಈ ತಮ್ಮನ ಪಾಲು,” ಎಂದು ನನ್ನತ್ತ ಬೆರಳು ತೋರಿದರು. ಅವರ ಕಾಕಾ ಕೂಡ ತಮಾಷೆ ನೋಡಲು ಹೊರಟರು.

ಸಾಹೇಬರು ಗ್ಲಾಸಿಗೆ ಸುರಿದುಕೊಟ್ಟರು. ಎಳೆಹುಲ್ಲಿನ ನೆರಳು ಬಿದ್ದ ನೀರಿನಂತಹ ಬಣ್ಣ. ಪರರ ಪಾತ್ರೆಗೆ ತುಟಿ ತಾಗಿಸಬಾರದೆಂದು ಕಲಿತವನು ನಾನು. ಮರ್ಯಾದೆಯಿಂದ ಗ್ಲಾಸನ್ನು ಮೇಲೆತ್ತಿ, ನೀರು ಕುಡಿಯುವಂತೆ ಒಂದೇ ಧಾರೆಯಾಗಿ ಗಂಟಲಿಗೆ ಸುರಿದುಕೊಂಡೆ. ಹುಳಿ ಹೊಡೆದು ಕಣ್ಣಲ್ಲಿ ನೀರು ಬಂತು.

“ಲೇ ತಮ್ಮಾ, ಹರವಿ ನೀರೇನಲೇ ಅದು?” ಎಂದು ಕಾಕಾ ನಕ್ಕರು. “ಮಾರಿ ನೋಡ್ರೋ, ಹಸಿ ಹುಣಸಿಕಾಯಿ ಕಡದಂಗ ಆಗೇತಿ!”

ಸಾಹೇಬರು ನಗಲಿಲ್ಲ. ಮತ್ತೆ ಸುರಿದು, ಮೊದಲು ಮೂಸಬೇಕು, ಆಮೇಲೆ ತುಟಿಯಿಟ್ಟು ಗುಟುಕನ್ನು ಬಾಯಲ್ಲಿ ನಿಲ್ಲಿಸಬೇಕೆಂದು ತಾವೇ ಮಾಡಿ ತೋರಿಸಿದರು. ನಾನು ಅಳುಕುತ್ತಲೇ ತುಟಿಯಿಟ್ಟೆ.

ಅದೇ ಹುಳಿ ಈಗ ಬೇರೆಯಾಗಿತ್ತು. ಹಸಿಮಾವಿನ ಹೋಳಿನಂತೆ ಬಾಯನ್ನೆಲ್ಲ ಎಚ್ಚರಿಸಿತು. ಹಿಂದೆಯೇ ಹಿಸುಕಿದ ನಿಂಬೆ ಎಲೆಯ ಪರಿಮಳ. ಆ ಬಳಿಕ ಜೇನಿನ ತೆಳುವಾದ ಸಿಹಿ, ಬಂದದ್ದೇ ಸಂಕೋಚದಿಂದ ಸರಿದುಹೋಯಿತು. ನುಂಗಿದ ಮೇಲೆ ನಾಲಿಗೆಯಲ್ಲಿ ಉಳಿದದ್ದನ್ನು ನಾನು ಬಲ್ಲೆನೆನಿಸಿತು. ಒದ್ದೆ ಪಾಟಿ! ಶಾಲೆಯಲ್ಲಿ ತಪ್ಪು ಬರೆದು, ಮಾಸ್ತರರು ನೋಡುವುದರೊಳಗೆ ನೆಕ್ಕಿ ಅಳಿಸುತ್ತಿದ್ದ ಆ ಕರಿಯ ಪಾಟಿಯ ರುಚಿ.

ನಾಚುತ್ತ ಕೇಳಿದೆ: ನಿಮ್ಮ ತೋಟದಲ್ಲಿ ಯಾವ ಕಲ್ಲಿದೆ? ಸಾಹೇಬರು ಬೆರಗಿನಿಂದ ನನ್ನನ್ನೇ ನೋಡಿದರು. ನದಿಯ ಮೇಲಿನ ಕಡಿದಾದ ಬೆಟ್ಟವೆಲ್ಲ ಅದೇ ಪಾಟಿಕಲ್ಲಂತೆ. ಹಗಲಿನ ಬಿಸಿಲನ್ನು ಅದು ಕೂಡಿಟ್ಟುಕೊಂಡು ರಾತ್ರಿ ಬಳ್ಳಿಗೆ ಕೊಡದಿದ್ದರೆ ಆ ಚಳಿಯಲ್ಲಿ ಹಣ್ಣು ಮಾಗುವುದೇ ಇಲ್ಲವಂತೆ. ನಮ್ಮ ಬಿಸಿಲಿನಲ್ಲಿ ಹಣ್ಣು ಅವಸರದಿಂದ ಸಿಹಿಯಾಗುತ್ತದೆ. ಅಲ್ಲಿ ತಡವಾಗಿ ಮಾಗುವುದರಿಂದ ಹುಳಿ ತನ್ನ ಜಾಗ ಬಿಡುವುದಿಲ್ಲ. ಅಷ್ಟು ನೇರವಾದ, ಅಷ್ಟು ಸ್ವಚ್ಛವಾದ ರುಚಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅಷ್ಟರಲ್ಲಿ ಗೌಡರು ತಮಗೆಂದು ಬೇರೆ ಸುರಿದಿದ್ದ ಗ್ಲಾಸನ್ನು ಮೂಗಿನ ಬಳಿ ಹಿಡಿದು ಹುಬ್ಬು ಗಂಟಿಕ್ಕಿದರು. “ಇದಕ್ಕ ಚಿಮಣಿ ಎಣ್ಣಿ ವಾಸನಿ ಐತಿ.”

“ಕಂದೀಲಿನ ಎಣ್ಣಿ ಬಾಟ್ಲಿ ತೊಳೀದನ ತುಂಬ್ಯಾರ ಬಿಡು,” ಎಂದರು ಕಾಕಾ.

ಏನೆಂದರು ಎಂದು ಸಾಹೇಬರು ಕೇಳಿದರು. ‘ಬಹಳ ಸುವಾಸನೆಯಾಗಿದೆ’ ಎಂಬ ಇಂಗ್ಲಿಷ್ ವಾಕ್ಯ ನನ್ನ ಬಾಯಲ್ಲಿ ಸಿದ್ಧವಾಗಿತ್ತು. ತಂದೆಯ ಕೈಯ ವೈನಿಗೆ ಹೀಗೆಂದರೆ ಅವರು ಎದ್ದುಹೋಗದೆ ಇರುತ್ತಾರೆಯೇ? ಗೌಡರು ನನ್ನ ಮುಖವನ್ನು ಓದಿಬಿಟ್ಟರು.

“ತಮ್ಮಾ, ನೀ ಸಂಭಾಳಸಬ್ಯಾಡ. ನಾ ಅಂದದ್ದನ್ನ ಇದ್ದಂಗ ಹೇಳು. ಆಂವ ಏನ ಮಾಡತಾನ ನೋಡೂಣು.”

ನಾನೂ ಮತ್ತೊಮ್ಮೆ ಮೂಸಿದೆ. ಗೌಡರ ಮಾತು ನಿಜವಾಗಿತ್ತು: ಪರೀಕ್ಷೆಗೆ ಓದುವಾಗ ನನ್ನ ಪುಸ್ತಕಗಳಿಗೆ ಅಂಟುತ್ತಿದ್ದ ಕಂದೀಲಿನ ವಾಸನೆಯೇ ಅದು. ಬಾಟಲಿ ತೊಳೆಯದ ಮಾತನ್ನೂ ಬಿಡದೆ ಇದ್ದಂತೆ ಹೇಳಿದೆ.

ಸಾಹೇಬರು ತೊಡೆ ತಟ್ಟಿ ನಕ್ಕು ಗೌಡರ ಕೈಯನ್ನು ಎರಡೂ ಕೈಗಳಿಂದ ಹಿಡಿದರು. ಈ ಜಾತಿಯ ದ್ರಾಕ್ಷಿಯ ವೈನು ಹಳತಾದಾಗಲೇ ಆ ವಾಸನೆ ಬರುತ್ತದಂತೆ. ತಂದೆ ಅದಕ್ಕಾಗಿಯೇ ವರ್ಷಗಟ್ಟಲೆ ಕಾಯುತ್ತಾರಂತೆ.

ನಾನು ಹೇಳಿದ್ದನ್ನು ಕೇಳಿ ಗೌಡರು ಕಾಕಾನ ಕಡೆ ತಿರುಗಿದರು. “ಅಪ್ಪ ಮಾಡಿದ್ದಕ್ಕ ಚಿಮಣಿ ಎಣ್ಣಿ ಅಂದ್ರೂ ಸಿಟ್ಟಾಗಲಿಲ್ಲ. ಇಂಥಾಂವ ಹೊಲ ಕಸಿಯೂ ಮನಷ್ಯಾ ಅಲ್ಲ.” ಆಮೇಲೆ ನಮಗೆ, “ತೋಡ್ರಿ. ಮ್ಯಾಲಿನ ಮಣ್ಣ ಬ್ಯಾರೆ, ಕೆಳಗಿಂದ ಬ್ಯಾರೆ ಇಡಬೇಕು, ಹಂಗ ತಿರುಗಿ ಮುಚ್ಚಬೇಕು,” ಎಂದರು.

ಮರುದಿನ ಗುಂಡಿ ಆಳಕ್ಕಿಳಿದಾಗ ಗೌಡರೇ ಒಳಗಿಳಿದು, ತಳದ ಹಸಿ ಹೆಂಟೆಯೊಂದನ್ನು ಮುರಿದು ಮೂಸಿ, ಮೇಲೆ ನಿಂತ ಸಾಹೇಬರಿಗೆ ಚಾಚಿದರು. “ಇದಕ್ಕೇನ ವಾಸನಿ ಐತಿ ಅಂತ ಕೇಳು ತಮ್ಮಾ. ಆಂವಗೂ ಸಂಭಾಳಸಬ್ಯಾಡ ಅಂತ ಹೇಳು.”

ಸಾಹೇಬರು ವೈನನ್ನು ಮೂಸಿದ ಹಾಗೆಯೇ ಕಣ್ಣು ಮುಚ್ಚಿ ಮಣ್ಣನ್ನು ಮೂಸಿದರು. ಅವರೇನು ಹೇಳುವರೋ ಎಂದು ಕಾಯುತ್ತ ನಿಂತೆ. ಈ ಸಲ ನನ್ನ ಬಾಯಲ್ಲಿ ಯಾವ ವಾಕ್ಯವೂ ಸಿದ್ಧವಾಗಿರಲಿಲ್ಲ.